ಅಮ್ಮನಿಗೆ ಮನೆಯೋ, ಆರೈಕೆ ಕೇಂದ್ರವೋ?

ವಯಸ್ಸಾದ ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳಬೇಕೋ, ನರ್ಸಿಂಗ್ ಹೋಂಗೆ ಸೇರಿಸಬೇಕೋ ಎಂಬುದು ಪ್ರಶ್ನೆ. ಆದರೆ ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಆಪರೇಷನ್‌ಗೋ ಸೇರುವ ಸಣ್ಣ ಆಸ್ಪತ್ರೆ. ನಾನು ಹೇಳುತ್ತಿರುವುದು ಹಿರಿಯರನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವ ಕೇಂದ್ರಗಳ ಬಗ್ಗೆ.

ಮನೆಯಲ್ಲಾದರೆ ಅಮ್ಮನಿಗೆ ತನ್ನದೇ ಮಂಚ, ತನ್ನದೇ ದೇವರ ಕೋಣೆ, ಅದೇ ತಿಳಿಸಾರು. ನೆಂಟರ ಬಾಯಿಗೂ ಬೀಗ. ಆದರೆ ಏಜೆನ್ಸಿಯ ಆಯಾ ಹಬ್ಬಕ್ಕೆ ಊರಿಗೆ ಹೋದರೆ ರಾತ್ರಿ ಎದ್ದು ಮಗ್ಗುಲು ಬದಲಿಸುವವರು ಯಾರು? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಹೊರಳಿಸದಿದ್ದರೆ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. 'ಅಮ್ಮನನ್ನು ಎಲ್ಲಿಗೂ ಕಳಿಸುವುದಿಲ್ಲ' ಎಂದು ಎದೆಯುಬ್ಬಿಸುವವನು ಮಗ. ನಿದ್ದೆಗೆಡುವವಳು ಹೆಚ್ಚಾಗಿ ಸೊಸೆ.

ಒಳ್ಳೆಯ ಕೇಂದ್ರದಲ್ಲಿ ಪಾಳಿಯ ಮೇಲೆ ಜನ ಇರುತ್ತಾರೆ. ಊಟ ಮಾತ್ರ ಗಡಿಯಾರ ಹೇಳಿದಂತೆ, ರುಚಿ ಅಡುಗೆಯವರ ಇಷ್ಟದಂತೆ. ನೋಡಲು ಹೋದಾಗ ಹೂತೋಟಕ್ಕೆ ಮರುಳಾಗಬೇಡಿ, ಮೂಗನ್ನು ನಂಬಿ: ಮೂತ್ರದ ವಾಸನೆ ಸುಳ್ಳು ಹೇಳುವುದಿಲ್ಲ. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ, ಠೇವಣಿ ಮರಳಿ ಸಿಗುತ್ತದೆಯೇ ಎಂದು ಕೇಳಿ. ಅನೇಕ ವೃದ್ಧಾಶ್ರಮಗಳು ಓಡಾಡಬಲ್ಲವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ನಾಳೆ ಹಾಸಿಗೆ ಹಿಡಿದರೆ ಏನು ಎಂಬುದನ್ನು ಬರಹದಲ್ಲೇ ಪಡೆಯಿರಿ.

ಎರಡಕ್ಕೂ ಹಣ ಕೈಯಿಂದಲೇ. 70 ತುಂಬಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಭಾರತ್‌ನ 5 ಲಕ್ಷ ರೂಪಾಯಿ ಆಸ್ಪತ್ರೆ ಚಿಕಿತ್ಸೆಗೆ, ಆಯಾ ಸಂಬಳಕ್ಕಲ್ಲ. ಆಸ್ತಿಯನ್ನು ದಾನಪತ್ರ ಮಾಡುವುದಾದರೆ ಆರೈಕೆಯ ಷರತ್ತನ್ನು ಅದರಲ್ಲೇ ಬರೆಸಿ. ಮುಂದೆ ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಆಗ ನೆರವಿಗೆ ಬರುತ್ತದೆ.

ನೆನಪು ಗಟ್ಟಿಯಿರುವವರೆಗೆ ಮನೆಯೇ ಎಂಬುದು ನನ್ನ ಲೆಕ್ಕ. ನಡುರಾತ್ರಿ ಬಾಗಿಲು ತೆರೆದು ರಸ್ತೆಗಿಳಿಯತೊಡಗಿದರೆ, ಕೇಂದ್ರ. ಅದಕ್ಕೂ ಮುಂಚೆ ಅಮ್ಮನನ್ನೇ ಕೇಳಿ.