ಮೂರು ವರ್ಷ ಬಳಸಿದ ಮೇಲೆ: ತೋಳಿಗೆ ಕಟ್ಟುವ ಬಿಪಿ ಮಷಿನ್

ಮನೆಯಲ್ಲಿ ಬಿಪಿ ಇರುವವರು ಒಬ್ಬರಿದ್ದರೂ ಇದನ್ನು ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ತೋಳಿಗೆ ಕಟ್ಟುವುದನ್ನೇ ತಗೊಳ್ಳಿ. ಮಣಿಕಟ್ಟಿಗೆ ಕಟ್ಟುವುದರಲ್ಲಿ ಕೈ ಎದೆಯ ಮಟ್ಟಕ್ಕಿಂತ ಮೇಲೆ ಕೆಳಗೆ ಆದರೆ ಲೆಕ್ಕ ತಪ್ಪುತ್ತದೆ.

ನಮ್ಮಮ್ಮನಿಗೆ ಕ್ಲಿನಿಕ್ಕಿನಲ್ಲಿ ಯಾವಾಗ ನೋಡಿದರೂ 150ರ ಮೇಲೆಯೇ. ಮಾತ್ರೆ ಜಾಸ್ತಿ ಮಾಡುವ ಮುಂಚೆ ಡಾಕ್ಟರು, "ಒಂದು ವಾರ ಮನೆಯಲ್ಲಿ ನೋಡಿ ಬರ್ಕೊಂಡು ಬನ್ನಿ" ಎಂದರು. ಮನೆಯಲ್ಲಿ 130/80ರ ಆಸುಪಾಸು! ಡಾಕ್ಟರ ಮುಂದೆ ಕೂತಾಗ ಮಾತ್ರ ಏರುವುದು ಎಷ್ಟೋ ಜನರಿಗೆ ಇದೆಯಂತೆ. ಡೋಸ್ ಏರಿಸಲಿಲ್ಲ. ಅಪ್ಪನದು ಇದರ ತದ್ವಿರುದ್ಧ. ಕ್ಲಿನಿಕ್ಕಿನಲ್ಲಿ ಸರಿಯಾಗಿರುತ್ತಿತ್ತು, ಬೆಳಗ್ಗೆ ಮನೆಯಲ್ಲಿ ನೋಡಿದರೆ ಜಾಸ್ತಿ. ಮಷಿನ್ ಇಲ್ಲದಿದ್ದರೆ ಅದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಸಾಮಾನ್ಯವಾಗಿ ಕ್ಲಿನಿಕ್ಕಿನಲ್ಲಿ 140/90 ದಾಟಿದರೆ ಜಾಸ್ತಿ ಎನ್ನುತ್ತಾರೆ, ಮನೆಯಲ್ಲಿ ಅದು 135/85.

ನನ್ನ ದೊಡ್ಡ ದೂರು ತೋಳಿಗೆ ಸುತ್ತುವ ಪಟ್ಟಿಯ ಬಗ್ಗೆ. ಜೊತೆಗೆ ಕೊಟ್ಟದ್ದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾತ್ರ. ಅಪ್ಪನ ತೋಳು ಅದಕ್ಕಿಂತ ದಪ್ಪ. ಚಿಕ್ಕ ಪಟ್ಟಿ ಬಿಗಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಸುಮ್ನೆ ಗಾಬರಿ. ದೊಡ್ಡ ಪಟ್ಟಿಗೆ ಬೇರೆ ದುಡ್ಡು ಕೊಡಬೇಕಾಯಿತು. ಕೊಳ್ಳುವ ಮುಂಚೆ ಟೇಪಿನಲ್ಲಿ ತೋಳು ಅಳೆದುಕೊಳ್ಳಿ. ಎರಡನೇ ವರ್ಷಕ್ಕೆ ವೆಲ್ಕ್ರೋ ಕೂಡ ಸಡಿಲವಾಯಿತು.

ನೋಡುವ ಕ್ರಮವೂ ಮುಖ್ಯ. ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂರಬೇಕು. ಅಮ್ಮನಿಗೆ ಇದೇ ಕಷ್ಟ. ಪಟ್ಟಿ ಗಾಳಿ ತುಂಬುತ್ತಿರುವಾಗಲೇ "ಕುಕ್ಕರ್ ಎಷ್ಟು ಕೂಗಿತು?" ಎನ್ನುತ್ತಾರೆ. ಮಾತಾಡಿದರೂ ಏರುತ್ತದೆ, ಅಲ್ವಾ! ಬೆಳಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ನೋಡುತ್ತೇವೆ. ದಿನಾಲೂ ಅಲ್ಲ, ಡಾಕ್ಟರ ಹತ್ತಿರ ಹೋಗುವ ಹಿಂದಿನ ವಾರ ಮಾತ್ರ. ನಮ್ಮ ಮಷಿನ್ನಿನ ಮೆಮೊರಿಯಲ್ಲಿ ಇಬ್ಬರ ಅಂಕಿಗಳೂ ಕಲಸಿಹೋಗುತ್ತವೆ, ಹಾಗಾಗಿ ಇಬ್ಬರಿಗೂ ಬೇರೆ ಬೇರೆ ನೋಟ್‌ಬುಕ್ ಇಟ್ಟಿದ್ದೇವೆ.

ಒಂದು ಸಲ ಜಾಸ್ತಿ ಬಂತೆಂದು ನೀವೇ ಮಾತ್ರೆ ಹೆಚ್ಚು ಕಮ್ಮಿ ಮಾಡಬೇಡಿ. 180/120 ದಾಟಿ, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಇದರಲ್ಲಿ ಯಾವುದಾದರೂ ಇದ್ದರೆ ಕಾಯದೆ ಆಸ್ಪತ್ರೆಗೆ ಓಡಿ.

ವರ್ಷಕ್ಕೊಮ್ಮೆ ಕ್ಲಿನಿಕ್ಕಿಗೆ ಒಯ್ದು ಅವರ ಮಷಿನ್ ಜೊತೆ ತಾಳೆ ನೋಡುತ್ತೇವೆ. ಇವತ್ತಿಗೂ ಹೆಚ್ಚು ವ್ಯತ್ಯಾಸ ಬಂದಿಲ್ಲ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದದ್ದು ಪಟ್ಟಿಗೆ.