ಮುಧೋಳ ಮರಿ ಕೊಳ್ಳುವವರೇ, ಅದರ ತಾಯಿಯ ತಂದೆ ಯಾರು ಅಂತ ಮೊದಲು ಕೇಳಿ

ಕಲಬುರಗಿ, ಸೇಡಂ, ಚಿತ್ತಾಪುರ ಕಡೆ ಮುಧೋಳ ನಾಯಿಮರಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ.

ತೊಗರಿ ಹೊಲದ ಕಾವಲಿಗೆ ಅಂತ ನಾವೊಂದು ಗಂಡು ಮರಿ ತಂದೆವು. ಮಾರಿದವರು ತಂದೆ ನಾಯಿಯನ್ನೂ ತೋರಿಸಿದರು. ಎತ್ತರದ ಮೈಕಟ್ಟು, ತೆಳು ಸೊಂಟ, ಉದ್ದ ಮೂತಿ. "ಹೊರಗಿನ ರಕ್ತ ಕೂಡಿಸೇ ಇಲ್ರಿ ಸರ್, ಪಕ್ಕಾ ಶುದ್ಧ ಅದ. ಮುಧೋಳದ್ದೇ" ಅಂದರು. (ನಮ್ಮ ಸೇಡಂ ತಾಲ್ಲೂಕಿನಲ್ಲೂ ಒಂದು ಮುಧೋಳ ಇದೆ. ನಾಯಿಯ ಮುಧೋಳ ಬಾಗಲಕೋಟೆ ಜಿಲ್ಲೆಯದು, ಗೊತ್ತಿರಲಿ.)

ವರ್ಷ ತುಂಬುವ ಹೊತ್ತಿಗೆ ತೊಂದರೆ ಶುರುವಾಯಿತು. ಹಗಲು ಬದುವಿನಿಂದ ಬದುವಿಗೆ ಹಾರುವ ನಾಯಿ, ದೀಪ ಹಚ್ಚೋ ಹೊತ್ತಾದರೆ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ಮುಂಗಾಲು ಚಾಚಿ, ನೆಲ ಎಲ್ಲಿದೆ ಅಂತ ತಡಕಿ, ಆಮೇಲೆ ಇಳಿಯುತ್ತಿತ್ತು. ಒಂದಿನ ಸಂಜೆ, ದಿನಾ ಪಕ್ಕದಲ್ಲೇ ಮಲಗೋ ಹೊರಸಿನ ಕಾಲಿಗೆ ಮೂತಿ ಬಡಿದುಕೊಂಡಿತು. ಡಾಕ್ಟರು ಟಾರ್ಚ್ ಹಾಕಿ ಎರಡೂ ಕಣ್ಣು ನೋಡಿದರು. ಒಳಪರದೆ ಸವೆಯುತ್ತಿದೆ, ವಂಶದಲ್ಲಿ ಬಂದ ದೋಷ, ಇದಕ್ಕೆ ಔಷಧಿ ಇಲ್ಲ ಅಂದರು. ವಾಸನೆಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ತಳಿ ಇದು. ಅದಕ್ಕೆ ಕಣ್ಣೇ ಹೋದರೆ ಏನು ಉಳಿಯಿತು?

ಅದೇ ಸೂಲಿನ ಇನ್ನೊಂದು ಮರಿ ಚಿತ್ತಾಪುರದಲ್ಲಿದೆ. ಅದಕ್ಕೂ ಇದೇ ಗತಿ. ಎರಡೂ ಮನೆಯವರು ಸೇರಿ ಹೋಗಿ ಕೇಳಿದಾಗ ಅಲ್ಲಿ ಕೆಲಸಕ್ಕಿದ್ದ ಹುಡುಗ ಬಾಯಿಬಿಟ್ಟ: ಮರಿಗಳ ತಂದೆಯೇ ಅವುಗಳ ತಾಯಿಗೂ ತಂದೆ. "ತಳಿ ಕೆಡಬಾರದು ಅಂದ್ರ ಹಿಂಗೇ ಮಾಡಬೇಕ್ರಿ" ಅಂದರು ಮಾಲೀಕರು. ದುಡ್ಡು ವಾಪಸ್ ಕೊಡಲಿಲ್ಲ.

ತಳಿ ಕೆಡುವುದೇ ಹೀಗೆ ಮಾಡಿದರೆ. ಇಂಥ ದೋಷ ಸಾಮಾನ್ಯವಾಗಿ ಅಡಗಿರುತ್ತದೆ. ಕೆಟ್ಟ ಜೀನ್ ಒಂದೇ ಇದ್ದರೆ ನಾಯಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಾಗ ಮರಿ ಅನುಭವಿಸುತ್ತದೆ. ತಂದೆ-ಮಗಳನ್ನೋ ಒಡಹುಟ್ಟಿದವನ್ನೋ ಕೂಡಿಸಿದರೆ, ಮರಿಯ ಜೀನ್ ಜೋಡಿಗಳಲ್ಲಿ ಸರಾಸರಿ ಶೇ 25ರಷ್ಟು ಒಬ್ಬನೇ ಹಿರಿಯನಿಂದ ಎರಡು ಕಡೆಯಿಂದಲೂ ಬಂದಿರುತ್ತವೆ. ತಂದೆ ಒಂದೇ, ತಾಯಿ ಬೇರೆ ಆದರೂ ಶೇ 12.5. ಜೊತೆಗೆ ಊರಿಗೆಲ್ಲ ಒಂದೇ ಚೆಂದದ ಗಂಡನ್ನು ಬಿಟ್ಟರೆ ಕೆಲವೇ ವರ್ಷದಲ್ಲಿ ಎಲ್ಲ ಮರಿಗಳೂ ಒಂದೇ ಮನೆಯವಾಗುತ್ತವೆ. ಆಮೇಲೆ ಬೇರೆ ರಕ್ತ ಎಲ್ಲಿಂದ ತರೋದು?

2005ರಲ್ಲಿ ಅಂಚೆ ಚೀಟಿಗೆ ಬಂದ, ಸೇನೆಯವರೂ ಪಳಗಿಸಿದ ನಾಯಿ ಇದು. ಹೆಸರು ಬಂದಂತೆ ಮಾರಾಟ ಜಾಸ್ತಿ ಆಯಿತು, ಲೆಕ್ಕ ಇಡುವವರು ಮಾತ್ರ ಕಡಿಮೆ.

ಹಾಗಾಗಿ ಬರೀ ತಂದೆ-ತಾಯಿ ನೋಡಿ ಬರಬೇಡಿ. ಅಜ್ಜ-ಅಜ್ಜಿಯರ ಹೆಸರು ಬರೆಸಿಕೊಳ್ಳಿ. ಒಂದೇ ಹೆಸರು ಎರಡು ಕಡೆ ಬಂದರೆ ಎದ್ದು ಬನ್ನಿ. 2017ರ ನಿಯಮದ ಪ್ರಕಾರ ಮರಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಅದನ್ನೂ ಕೇಳಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ನಮ್ಮ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇದೆ. ದೂರ ನಿಜ, ಆದರೂ ಅಲ್ಲಿ ವಿಚಾರಿಸಿ.

ಇಂಥ ಸೂಲಿನ ಮರಿ ಈಗಾಗಲೇ ಮನೆಯಲ್ಲಿದ್ದರೆ, ಕಣ್ಣು ಚೆನ್ನಾಗಿದ್ದರೂ ಅದರಿಂದ ಮರಿ ಮಾಡಿಸಬೇಡಿ. ನಮ್ಮದಕ್ಕೆ ಮರಿ ಆಗದಂತೆ ಆಪರೇಷನ್ ಮಾಡಿಸಿದ್ದೇವೆ. ನೀವು ಮಾಡಿಸುವಾಗ ಇದು ಮುಧೋಳ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಿ ಇಳಿಯೋಕೆ ಜಾಸ್ತಿ ಹೊತ್ತು ಬೇಕು.