ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್: ನಾಲ್ಕು ವರ್ಷ, ಎರಡು ರಿಸೀವರ್

ಅಪ್ಪ ಧಾರವಾಡದಲ್ಲಿ ಕೂಡಿಟ್ಟಿದ್ದ ಅರವತ್ತು ಚಿಲ್ಲರೆ ರೆಕಾರ್ಡುಗಳು ನನ್ನ ಮನೆಗೆ ಬಂದಾಗ ಅವನ್ನು ತಿರುಗಿಸಿ ಕೇಳಿಸುವ ಈ ಟರ್ನ್‌ಟೇಬಲ್ ಕೊಂಡೆ. ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಿರುಗಿಸುತ್ತದೆ. ನಾಲ್ಕು ವರ್ಷದಲ್ಲಿ ವೇಗ ಒಮ್ಮೆಯೂ ತಪ್ಪಿಲ್ಲ. ಆದರೂ ನಾನು ಇದನ್ನು ಮೆಚ್ಚಿಕೊಂಡಿರುವುದು ಹಿಂಬದಿಯ ಒಂದು ಪುಟ್ಟ ಸ್ವಿಚ್ಚಿಗಾಗಿ.

ಮುಳ್ಳಿನಿಂದ ಬರುವ ಸಂಕೇತ ತೀರಾ ಕ್ಷೀಣ, ಸುಮಾರು 4 ಮಿಲಿವೋಲ್ಟ್. ಸಿಡಿ ಪ್ಲೇಯರ್ ಆದರೆ 2 ವೋಲ್ಟ್‌ವರೆಗೆ ಕೊಡುತ್ತದೆ. ಹಾಗಾಗಿ ಮುಳ್ಳಿನ ಸಂಕೇತವನ್ನು ಮೊದಲು ಹಿಗ್ಗಿಸಬೇಕು. ಸಾಲದ್ದಕ್ಕೆ, ರೆಕಾರ್ಡ್ ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಕೇಳುವಾಗ ಅದನ್ನು ಮರಳಿ ಸರಿದೂಗಿಸಬೇಕು. ಈ ಎರಡೂ ಕೆಲಸ ಫೋನೋ ಪ್ರಿಆಂಪ್‌ನದು. ಸ್ಪೀಕರಿಗೆ ಸದ್ದು ಕೊಡುವ ಈಗಿನ ಎಷ್ಟೋ ರಿಸೀವರ್‌ಗಳಲ್ಲಿ ಅದಿಲ್ಲ. ನನ್ನ ಮೊದಲ ರಿಸೀವರಿನಲ್ಲೂ ಇರಲಿಲ್ಲ. ಈ ಯಂತ್ರದ ಒಳಗೇ ಒಂದಿರುವುದರಿಂದ ಸ್ವಿಚ್ಚನ್ನು ‘ಲೈನ್’ಗೆ ಸರಿಸಿ, ಸಿಡಿಗೆಂದು ಇದ್ದ ಕಿಂಡಿಗೆ ತಂತಿ ಸಿಕ್ಕಿಸಿದೆ. ಮೂರು ವರ್ಷ ನಿಶ್ಚಿಂತೆಯಾಗಿ ಕೇಳಿದೆ.

ಕಳೆದ ವರ್ಷ ಫೋನೋ ಕಿಂಡಿಯಿರುವ, ಅಂದರೆ ಪ್ರಿಆಂಪ್ ಒಳಗೇ ಇರುವ ರಿಸೀವರ್ ಬಂತು. ಸ್ವಿಚ್ಚು ‘ಲೈನ್’ನಲ್ಲೇ ಇತ್ತು. ಎರಡೆರಡು ಸಲ ಹಿಗ್ಗಿದ ಸದ್ದು ಹರಿದ ತಮಟೆಯಂತೆ ಒಡೆದು ಬಂತು. ‘ಫೋನೋ’ಗೆ ಸರಿಸಿ ಯಂತ್ರದ ಪ್ರಿಆಂಪನ್ನು ಬಿಡಿಸಿದೆ, ಒಡಕು ಹೋಯಿತು. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿ ಕುಳಿತೆ. ತಂಬೂರಿಯ ಅಡಿಯಲ್ಲಿ ಇನ್ನೊಂದು ಗುಂಯ್ ಕೇಳುತ್ತಿತ್ತು. ಅದೂ ತಂಬೂರಿಯದೇ ಅಂದುಕೊಂಡೆ. ಹಾಡು ಮುಗಿದು ಮುಳ್ಳು ಎತ್ತಿದ ಮೇಲೂ ಅದು ನಿಲ್ಲಲಿಲ್ಲ. ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುನುಗು! ಟರ್ನ್‌ಟೇಬಲ್ಲಿನ ಗ್ರೌಂಡ್ ತಿರುಪಿನಿಂದ ರಿಸೀವರಿನ ಗ್ರೌಂಡ್ ತಿರುಪಿಗೆ ತೆಳುವಾದ ತಂತಿಯೊಂದನ್ನು ಎಳೆದೆ. ತಂತಿಯ ತುದಿ ತಾಗಿದ ಕ್ಷಣ ಕೋಣೆ ಸ್ತಬ್ಧವಾಯಿತು. ಬೆರಳು ತೆಗೆದರೆ ಮತ್ತೆ ಗುಂಯ್. ಬಿಗಿಯಾಗಿ ತಿರುಪಿ ಅದೇ ಎಲ್‌ಪಿಯನ್ನು ಮೊದಲಿನಿಂದ ಹಾಕಿದೆ. ತಂಬೂರಿಯ ತಂತಿಗಳು ಒಂದೊಂದೂ ಬೇರೆ ಬೇರೆಯಾಗಿ ಕೇಳಿದವು.

ಹೋಮ್ ಥಿಯೇಟರ್ ರಿಸೀವರ್ ಇರುವವರು ‘ಪ್ಯೂರ್ ಡೈರೆಕ್ಟ್’ ಗುಂಡಿ ಇದೆಯೇ ನೋಡಿಕೊಳ್ಳಿ. ಅದನ್ನು ಒತ್ತದಿದ್ದರೆ ಇಂಥ ಹಲವು ರಿಸೀವರ್‌ಗಳು ರೆಕಾರ್ಡಿನ ಧ್ವನಿಯನ್ನೂ ಡಿಜಿಟಲ್‌ಗೆ ಬದಲಿಸಿಯೇ ಕೇಳಿಸುತ್ತವೆ.

ಜೊತೆಗೆ ಬಂದ ವಿಎಂ95ಇ ಮುಳ್ಳಿಗೆ ಕಂಪನಿ ಹೇಳುವ ಆಯುಸ್ಸು 300 ಗಂಟೆ, ಹಾಗಾಗಿ ಖರ್ಚು ಮುಗಿಯುವುದಿಲ್ಲ. ಯಂತ್ರ ನಿಮಿಷಕ್ಕೆ 78 ಸುತ್ತಿನ ವೇಗದಲ್ಲೂ ತಿರುಗುತ್ತದೆ, ಆದರೆ ಆ ವೇಗದ ಹಳೆಯ ರೆಕಾರ್ಡುಗಳ ಅಗಲವಾದ ಗೀರಿಗೆ ಈ ಮುಳ್ಳು ತೀರಾ ಸಣ್ಣದು. ಅಪ್ಪನ ನಾಟಕದ ಹಾಡುಗಳಿಗಾಗಿ ಇದೇ ಕಾರ್ಟ್ರಿಜ್‌ಗೆ (ಮುಳ್ಳು ಕೂರುವ ಪುಟ್ಟ ಗೂಡಿಗೆ) ಒಗ್ಗುವ ದಪ್ಪ ಮುಳ್ಳನ್ನು ತರಿಸಿದ್ದೇನೆ. ಹಳೆಯದನ್ನು ಎಳೆದು ಹೊಸದನ್ನು ಸಿಕ್ಕಿಸಿದರಾಯಿತು. ಮುಳ್ಳು ರೆಕಾರ್ಡಿನ ಮೇಲೆ ಹೇರುವ ಭಾರವನ್ನು ಮಾತ್ರ ಮತ್ತೆ ಹೊಂದಿಸಬೇಕು.